ಮಂಗಳವಾರ ಸಂಜೆಯ ಗುಡ್ಡ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ದೊಡ್ಡ ಪರ್ವತಗಳಿಲ್ಲ. ನಾವಿರುವ ಮಿನಿಯಾಪೊಲಿಸ್ ಸುತ್ತಮುತ್ತ ಕೆರೆ, ಬಯಲು, ನದಿ ದಂಡೆಯ ದಿಬ್ಬಗಳು, ಅಷ್ಟೇ. ಆದರೂ ಚಳಿಗಾಲ ಬಂತೆಂದರೆ ಹಿಮದ ಮೇಲೆ ಜಾರುವುದಕ್ಕೆ ದೂರ ಹೋಗಬೇಕಾಗಿಲ್ಲ. ಬರ್ನ್ಸ್‌ವಿಲ್‌ನಲ್ಲಿ ಹೆದ್ದಾರಿ ಪಕ್ಕದಲ್ಲೇ ಬಕ್ ಹಿಲ್ ಇದೆ. ಬ್ಲೂಮಿಂಗ್ಟನ್‌ನಲ್ಲಿ ಹೈಲ್ಯಾಂಡ್ ಹಿಲ್ಸ್ ಇದೆ. ಸೇಂಟ್ ಕ್ರೋಯ್ ನದಿಯ ಕಣಿವೆಯಲ್ಲಿ ಆಫ್ಟನ್ ಆಲ್ಪ್ಸ್, ಇನ್ನೊಂದು ದಿಕ್ಕಿಗೆ ವೆಲ್ಚ್ ವಿಲೇಜ್. ಹೆಸರಲ್ಲಿ ಆಲ್ಪ್ಸ್ ಇದ್ದರೂ ಆಫ್ಟನ್‌ನ ಇಳಿಜಾರು ಮೇಲಿನಿಂದ ಕೆಳಗೆ 350 ಅಡಿ. ಬಕ್ ಹಿಲ್ ಸುಮಾರು 300. ಹೈಲ್ಯಾಂಡ್ 175. ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ವಿಂಧ್ಯಗಿರಿ ಇವೆಲ್ಲಕ್ಕಿಂತ ಎತ್ತರ. ಕೊಲರಾಡೋದ ವೇಲ್‌ನಲ್ಲಿ ಜಾರುವವರಿಗೆ 3,400 ಅಡಿಗೂ ಜಾಸ್ತಿ ಸಿಗುತ್ತದೆ.

ನಾನು ಸ್ನೋಬೋರ್ಡಿಂಗ್, ಅಂದರೆ ಒಂದೇ ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಆಟ, ಆಡುತ್ತೇನೆ ಅಂದರೆ ಬೆಂಗಳೂರಿನ ಗೆಳತಿಯರಿಗೆ ಕಣ್ಣ ಮುಂದೆ ಬರುವುದು ವೇಲ್‌ನಂಥ ಜಾಗ. ವಿಮಾನ, ಹೋಟೆಲ್, ವಾರದ ರಜೆ. ನನ್ನದು ಅದಲ್ಲ. ನನ್ನದು ಮಂಗಳವಾರ ಸಂಜೆ. ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ, ಮಕ್ಕಳಿಗೆ ಊಟ ಬಡಿಸಿ, ಬೋರ್ಡನ್ನು ಕಾರಿಗೆ ಹಾಕಿಕೊಂಡು ಹೊರಟರೆ ಏಳು ಗಂಟೆಗೆ ಗುಡ್ಡದಲ್ಲಿರುತ್ತೇನೆ. ಒಂಬತ್ತೂವರೆಗೆ ವಾಪಸ್ ಮನೆಯಲ್ಲಿರುತ್ತೇನೆ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅದಕ್ಕೇ ಈ ಗುಡ್ಡಗಳಲ್ಲಿ ರಾತ್ರಿ ದೊಡ್ಡ ದೀಪ ಹಾಕಿರುತ್ತಾರೆ. ಕೆಲಸಕ್ಕೆ ಹೋಗುವವರು, ಸ್ಕೂಲಿನ ಮಕ್ಕಳು, ಎಲ್ಲರೂ ಜಾರುವುದು ಆ ದೀಪದಲ್ಲೇ.

ಸಂಸಾರ ಇರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅನ್ನುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಆಟದ ಬಗ್ಗೆ ಬರೆಯುವವರೆಲ್ಲ ದೊಡ್ಡ ಬೆಟ್ಟದ ಬಗ್ಗೆ ಬರೆಯುತ್ತಾರೆ. ಹೊಸ ಹಿಮ, ಕಡಿದಾದ ಇಳಿಜಾರು, ದೇವದಾರು ಕಾಡು. ಅದೆಲ್ಲ ಚೆಂದವೇ. ಆದರೆ ಮನೆಯಲ್ಲಿ ಹತ್ತು ವರ್ಷದ ಮಗಳು, ಆರು ವರ್ಷದ ಮಗ ಇರುವಾಗ ನನ್ನ ಕೈಗೆ ಸಿಗುವುದು ಎರಡು ಗಂಟೆ. ಆ ಎರಡು ಗಂಟೆಯೊಳಗೆ ಕೂರುವ ಗುಡ್ಡ ಮನೆ ಹತ್ತಿರದ್ದು ಮಾತ್ರ. ಎತ್ತರ ಕಡಿಮೆ ಇದ್ದರೆ ಏನಾಯಿತು, ಪ್ರತಿ ವಾರ ಸಿಗುತ್ತದಲ್ಲ.

ಸ್ನೋಬೋರ್ಡ್ ಹುಟ್ಟಿದ್ದೂ ಹೀಗೇ, ಮನೆ ಪಕ್ಕದ ದಿಬ್ಬದಲ್ಲಿ. ನನಗೆ ಈ ಕಥೆ ತುಂಬ ಇಷ್ಟ. 1965ರ ಕ್ರಿಸ್‌ಮಸ್ ದಿನ, ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರು. ಶರ್ಮನ್ ಪಾಪೆನ್ ಎಂಬ ಎಂಜಿನಿಯರ್. ಹೆಂಡತಿ ನ್ಯಾನ್ಸಿ ಬಸುರಿ. ಮನೆಯೊಳಗೆ ಹೆಣ್ಣುಮಕ್ಕಳ ಗಲಾಟೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಏನಾದರೂ ಆಡಿಸಬೇಕಿತ್ತು, ತಾಯಿಗೆ ಸ್ವಲ್ಪ ಹೊತ್ತು ನೆಮ್ಮದಿ ಸಿಗಬೇಕಿತ್ತು. ಪಾಪೆನ್ ಎರಡು ಸ್ಕೀ, ಅಂದರೆ ಒಂದೊಂದು ಕಾಲಿಗೆ ಒಂದೊಂದು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಉದ್ದನೆಯ ಹಲಗೆ, ತೆಗೆದುಕೊಂಡು, ಪಕ್ಕಪಕ್ಕ ಇಟ್ಟು, ಅಡ್ಡಪಟ್ಟಿ ಹೊಡೆದು ಒಂದು ಮಾಡಿದರು. ಮಗಳು ಅದರ ಮೇಲೆ ನಿಂತು ಮನೆಯ ಹತ್ತಿರದ ದಿಬ್ಬದಿಂದ ಜಾರಿದಳು. ಆಮೇಲೆ ಅದಕ್ಕೆ ಸ್ನರ್ಫರ್ ಅಂತ ಹೆಸರಾಯಿತು, ಮುಂದಿನ ತುದಿಗೆ ಹಿಡಿದುಕೊಳ್ಳಲು ಹಗ್ಗ ಬಂತು, ಬ್ರನ್ಸ್‌ವಿಕ್ ಕಂಪನಿ ಅದನ್ನು ಮಕ್ಕಳ ಆಟಿಕೆಯಾಗಿ ಮಾಡಿ ಮಾರಿತು. ಅದರಲ್ಲಿ ಆಡಿ ಬೆಳೆದ ಹುಡುಗರಲ್ಲಿ ಒಬ್ಬರು ಜೇಕ್ ಬರ್ಟನ್ ಕಾರ್ಪೆಂಟರ್. ಅವರು 1977ರಲ್ಲಿ ವರ್ಮಾಂಟ್‌ನಲ್ಲಿ ಶುರು ಮಾಡಿದ ಕಂಪನಿಯ ಹೆಸರು ಇವತ್ತು ಪ್ರತಿ ಗುಡ್ಡದಲ್ಲೂ ಎಷ್ಟೋ ಜನರ ಬೋರ್ಡಿನ ಮೇಲೆ ಕಾಣುತ್ತದೆ: ಬರ್ಟನ್.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಬಹಳ ವರ್ಷ ಸ್ಕೀ ಗುಡ್ಡಗಳು ಬೋರ್ಡಿನವರನ್ನು ಒಳಗೆ ಬಿಡಲಿಲ್ಲ. ಯೂಟಾದ ಆಲ್ಟಾ, ಡಿಯರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಇವತ್ತಿಗೂ ಬಿಡುವುದಿಲ್ಲ. 1998ರಲ್ಲಿ ಜಪಾನಿನ ನಗಾನೋ ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಬಂತು. ಇದೆಲ್ಲ ಇತಿಹಾಸ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಕ್ರಿಸ್‌ಮಸ್ ದಿನಕ್ಕೆ. ಬಸುರಿ ಹೆಂಗಸಿಗೆ ಒಂದಿಷ್ಟು ಹೊತ್ತು ಸುಮ್ನೆ ಕೂರುವುದಕ್ಕೆ ಸಿಗಲಿ ಅಂತ ಶುರುವಾದ ಆಟ ಇದು. ಈಗ ನಾನು ನನ್ನ ಎರಡು ಗಂಟೆಗಾಗಿ ಅದೇ ಆಟದ ಹತ್ತಿರ ಹೋಗುತ್ತೇನೆ.

ನಾನು ಕಲಿತದ್ದು ಮದುವೆಯಾಗಿ, ಎರಡು ಹೆರಿಗೆಯಾದ ಮೇಲೆ. ಚನ್ನರಾಯಪಟ್ಟಣದಲ್ಲಿ ಬೆಳೆದವಳಿಗೆ ಇಲ್ಲಿಗೆ ಬರುವ ತನಕ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಕಟ್ಟುವ ಬಿಳಿ ಪದರ ಮಾತ್ರ. ಇಲ್ಲಿ ಮೊದಲ ಕೆಲವು ಚಳಿಗಾಲ ಕಿಟಕಿ ಪಕ್ಕ ಕೂತು ಕಳೆದೆ. ನವೆಂಬರ್‌ನಿಂದ ಏಪ್ರಿಲ್ ತನಕ ಹೊರಗೆ ಹೋಗುವುದಕ್ಕೆ ಒಂದು ಕಾರಣ ಬೇಕಿತ್ತು. ಸ್ಕೂಲಿನವರು ಮಗಳ ತರಗತಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗ ಜೊತೆಗೆ ಹೋಗಿದ್ದೆ. ಅಲ್ಲಿ ನನ್ನ ಅಮ್ಮನ ವಯಸ್ಸಿನ ಹೆಂಗಸೊಬ್ಬರು ಬೋರ್ಡಿನ ಮೇಲೆ ನಿಧಾನಕ್ಕೆ, ಎಡಕ್ಕೊಂದು ಬಲಕ್ಕೊಂದು ತಿರುವು ತೆಗೆದುಕೊಂಡು ಇಳಿದು ಬಂದರು. ನೋಡುತ್ತಾ ನಿಂತುಬಿಟ್ಟೆ. ಆ ಚಳಿಗಾಲವೇ ಪಾಠಕ್ಕೆ ಹೆಸರು ಕೊಟ್ಟೆ.

ಕಲಿಯುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡಿದವರಿಗೆ ಇದು ಬರೀ ಜಾರುವುದು ಅನ್ನಿಸುತ್ತದೆ. ಮೊದಲು ಯಾವ ಕಾಲು ಮುಂದೆ ಅಂತ ತೀರ್ಮಾನ ಆಗಬೇಕು. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ನಾನು ಗೂಫಿ. ಎರಡೂ ಕಾಲನ್ನು ಒಂದೇ ಹಲಗೆಗೆ ಬೈಂಡಿಂಗ್‌ನಲ್ಲಿ, ಅಂದರೆ ಬೂಟನ್ನು ಹಿಡಿದುಕೊಳ್ಳುವ ಪಟ್ಟಿಗಳಲ್ಲಿ, ಬಿಗಿಯುತ್ತಾರೆ. ಹಲಗೆಯ ಎರಡೂ ಬದಿಗೆ ಉಕ್ಕಿನ ಅಂಚು ಇರುತ್ತದೆ. ಹಿಮ್ಮಡಿ ಕಡೆಯದು ಹೀಲ್ ಎಡ್ಜ್, ಬೆರಳ ಕಡೆಯದು ಟೋ ಎಡ್ಜ್. ಇಡೀ ವಿದ್ಯೆ ಇರುವುದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವುದರಲ್ಲಿ. ನಡುವೆ ಒಂದು ಕ್ಷಣ ಹಲಗೆ ಚಪ್ಪಟೆಯಾಗಿ, ಮೂತಿ ನೇರ ಇಳಿಜಾರಿಗೆ ಮುಖ ಮಾಡುತ್ತದೆ. ಆಗ ವೇಗ ಏರುತ್ತದೆ. ಮೈ ಹಿಂದಕ್ಕೆ ಎಳೆಯುತ್ತದೆ, ಬೇಡ ಅನ್ನುತ್ತದೆ. ಆದರೆ ಭಾರ ಮುಂದಿನ ಕಾಲಿನ ಮೇಲೇ ಇರಬೇಕು, ಮಂಡಿ ಬಗ್ಗಿರಬೇಕು, ಕಣ್ಣು ಹೋಗಬೇಕಾದ ಕಡೆ ನೋಡುತ್ತಿರಬೇಕು. ಕಣ್ಣು ಎತ್ತ ಹೋದರೆ ಹೆಗಲು ಅತ್ತ, ಹೆಗಲು ಹೋದ ಕಡೆ ಹಲಗೆ. ತಗ್ಗಿನ ಕಡೆಯ ಅಂಚು ಹಿಮಕ್ಕೆ ಕಚ್ಚಿಕೊಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಳಗಿರುತ್ತೀರಿ. ಬೀಳುವಾಗ ಯಾರೇ ಆದರೂ ಕೈ ಊರುತ್ತಾರೆ. ಹೊಸಬರಿಗೆ ಮಣಿಕಟ್ಟಿನ ಪೆಟ್ಟು ಜಾಸ್ತಿ ಆಗುವುದು ಅದಕ್ಕೇ.

ಮಂಗಳವಾರದ ಹಿಮ ಶನಿವಾರದ ಹಿಮ ಅಲ್ಲ. ವಾರದ ನಡುವೆ ಜನ ಕಡಿಮೆ. ಯಂತ್ರದಿಂದ ಗುಡಿಸಿದ ಇಳಿಜಾರಿನ ಮೇಲೆ ಉದ್ದುದ್ದ ಗೀರುಗಳು ಇನ್ನೂ ಹಾಗೇ ಇರುತ್ತವೆ. ಅದರ ಮೇಲೆ ಮೊದಲ ಸಲ ಅಂಚು ಹಾಕಿದಾಗ ಸರ್ರ್ ಅಂತ ಒಂದು ಸದ್ದು ಬರುತ್ತದೆ, ಅಂಗಾಲಿನಲ್ಲಿ ಸಣ್ಣಗೆ ನಡುಗುತ್ತದೆ. ಎಂಟೂವರೆ ಹೊತ್ತಿಗೆ ಆ ಗೀರುಗಳೆಲ್ಲ ಅಳಿಸಿ, ಕೆಳಗಿನ ಗಟ್ಟಿ ಪದರ ಎದ್ದು, ಅಲ್ಲಲ್ಲಿ ಬೂದು ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಅಲ್ಲಿ ಅಂಚು ಹಿಡಿಯುವುದಿಲ್ಲ. ಹಲಗೆಯನ್ನು ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಮುಂದೆ ಮೆತ್ತಗಿನ ಹಿಮ ಸಿಗುವ ಕಡೆ ತಿರುಗಬೇಕು. ಸೊನ್ನೆಗಿಂತ 15-20 ಡಿಗ್ರಿ ಕೆಳಗಿರುವ ರಾತ್ರಿಗಳಲ್ಲಿ ಉಸಿರು ಕತ್ತಿನ ಬಟ್ಟೆಯ ಮೇಲೆ ಗಟ್ಟಿಯಾಗುತ್ತದೆ, ರೆಪ್ಪೆ ಅಂಟುತ್ತದೆ. ಬೈಂಡಿಂಗ್ ಪಟ್ಟಿ ಬಿಗಿಯಲು ಗ್ಲೋವ್ಸ್ ತೆಗೆದರೆ ಬೆರಳಿಗೆ ಜೀವ ಬರಲು ಒಂದಿಡೀ ಸುತ್ತು ಬೇಕು. ಇಷ್ಟಾದರೂ ಆ ಎರಡು ಗಂಟೆ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಆಫೀಸಿನ ಮೀಟಿಂಗ್ ಇಲ್ಲ, ನಾಳಿನ ಟಿಫನ್ ಡಬ್ಬಿ ಇಲ್ಲ. ಮುಂದಿನ ತಿರುವು ಮಾತ್ರ.

ಮನೆಯಲ್ಲಿ ಇದಕ್ಕೆ ಜಾಗ ಮಾಡಿಕೊಂಡದ್ದು ಹೇಗೆ? ತುಂಬ ಜನ ಕೇಳುತ್ತಾರೆ. ಕನ್ನಡ ಕೂಟದ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಕೊಡುತ್ತಾ ಒಬ್ಬರು ಕೇಳಿದರು, "ಮತ್ತೆ ಮಕ್ಕಳನ್ನ ಯಾರು ನೋಡ್ಕೋತಾರೆ?" ಅಂತ. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಬೇಸಿಗೆಯಲ್ಲಿ ನಮ್ಮನೆಯವರು ಶನಿವಾರವಿಡೀ ಕ್ರಿಕೆಟ್‌ಗೆ ಹೋಗುತ್ತಾರೆ. ಅವರಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದನ್ನು ನಾನು ಇದುವರೆಗೂ ಕೇಳಿಲ್ಲ. "ಅವರ ಅಪ್ಪ ನೋಡ್ಕೋತಾರೆ" ಅಂದೆ. ಅದು ಅಷ್ಟೇ ಸರಳ ಉತ್ತರ, ಮತ್ತು ನಿಜವಾದ ಉತ್ತರ.

ಮಂಗಳವಾರ ಊಟ ಬಡಿಸುವ ತನಕ ನನ್ನ ಪಾಲು. ಆಮೇಲೆ ಪಾತ್ರೆ, ಹೋಮ್‌ವರ್ಕ್, ಹಲ್ಲುಜ್ಜಿಸುವುದು, ಕಥೆ, ಮಲಗಿಸುವುದು ಅವರ ಪಾಲು. ಗುರುವಾರ ಅವರ ಸಂಜೆ, ಅವತ್ತು ಅವರು ಶಟಲ್ ಆಡಲು ಹೋಗುತ್ತಾರೆ. ಶುರುವಿನಲ್ಲಿ ಇದು "ಈ ವಾರ ಹೋಗಬಹುದಾ?" ಅಂತ ಪ್ರತಿ ಸಲ ಕೇಳಿ ನಡೆಯುತ್ತಿತ್ತು. ಕೇಳಿಕೊಂಡು ಹೋಗುವುದರಲ್ಲಿ ಒಂದು ತೊಂದರೆ ಇದೆ. ಏನಾದರೊಂದು ಅಡ್ಡ ಬಂದೇ ಬರುತ್ತದೆ. ಮಗನಿಗೆ ಶೀತ, ಅವರಿಗೆ ರಾತ್ರಿ ಕಾಲ್, ಬಟ್ಟೆ ರಾಶಿ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಮಗಳ ಭರತನಾಟ್ಯ ತರಗತಿ ಬರೆದ ಹಾಗೆ "ಅಮ್ಮ ಗುಡ್ಡ" ಅಂತ ಬರೆದ ಮೇಲೆ ಎಲ್ಲ ಬದಲಾಯಿತು. ಬರೆದು ಇಟ್ಟದ್ದು ಮನೆಯ ಕೆಲಸಗಳಲ್ಲಿ ಒಂದಾಗಿಬಿಡುತ್ತದೆ. ಜ್ವರ ಬಂದ ವಾರ ಹೋಗುವುದಿಲ್ಲ, ಅದು ಬೇರೆ. ಬಟ್ಟೆ ರಾಶಿಗೆ ಮಾತ್ರ ಮನೆಯಲ್ಲಿ ಉಳಿಯುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆ ನಮ್ಮಲ್ಲಿದ್ದರು. ನಾನು ರಾತ್ರಿ ಹೊತ್ತು ಒಬ್ಬಳೇ ಕಾರು ತೆಗೆದುಕೊಂಡು ಹೋಗುವುದು ಅವರಿಗೆ ಹಿಡಿಸಿರಲಿಲ್ಲ. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನಾನು ಬರುವ ತನಕ ಸೋಫಾದ ಮೇಲೆ ಕೂತಿರುತ್ತಿದ್ದರು. ಒಂದು ಭಾನುವಾರ ಅವರನ್ನೂ ಕರೆದುಕೊಂಡು ಹೋದೆವು. ಗುಡ್ಡದ ಬುಡದಲ್ಲಿ ಬೆಚ್ಚಗಿನ ಕಟ್ಟಡ ಇದೆ, ದೊಡ್ಡ ಗಾಜಿನ ಕಿಟಕಿ. ಅಲ್ಲಿ ಶಾಲು ಹೊದ್ದು, ಪುಳಿಯೋಗರೆ ಡಬ್ಬಿ ಪಕ್ಕ ಇಟ್ಟುಕೊಂಡು ನೋಡುತ್ತಾ ಕೂತರು. ಮಗಳು ಅವರ ಕಣ್ಣೆದುರೇ ಬಿದ್ದಳು. ನಾನು ಹತ್ತಡಿ ಮೇಲೆ ನಿಂತೆ. ಅವಳು ಮಗ್ಗುಲು ಹೊರಳಿ, ಮಂಡಿಯೂರಿ, ಹಿಮ ಕೊಡವಿಕೊಂಡು ಎದ್ದಳು. ನಾವು ಒಳಗೆ ಬಂದ ಮೇಲೆ ಅತ್ತೆ ಕೇಳಿದರು.

"ಮಗು ಬಿದ್ದರೂ ನೀನು ಓಡಿ ಬರಲಿಲ್ಲವಲ್ಲಮ್ಮ?"

"ಏಳೋದು ಅವಳಿಗೆ ಗೊತ್ತು ಅತ್ತೆ. ಪೆಟ್ಟಾಗಿದ್ರೆ ಕೈ ಎತ್ತು ಅಂತ ಹೇಳಿದ್ದೀನಿ."

ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ಮೊಮ್ಮಗಳ ಒದ್ದೆ ಗ್ಲೋವ್ಸ್ ತೆಗೆದುಕೊಂಡು ಹೀಟರ್ ಮೇಲೆ ಒಣಹಾಕಿದರು. ಆ ಮಂಗಳವಾರ ನಾನು ಕುಕ್ಕರ್ ಇಡಲು ಹೋದಾಗ, "ಸಾರು ನಾನು ಮಾಡ್ತೀನಿ, ನೀನು ಹೊರಡಮ್ಮ, ರಸ್ತೇಲಿ ಹುಷಾರು" ಅಂದರು. ಅವರು ಇರುವ ತನಕ ಅದೇ ನಡೆಯಿತು.

ಮಗಳು ನನ್ನ ಜೊತೆ ಬರುವುದು ಭಾನುವಾರ ಮಾತ್ರ. ಮಂಗಳವಾರ ನನ್ನದೇ ಆಗಿರಲಿ ಅಂತ ನಾನು ಹಟ ಹಿಡಿದಿದ್ದೇನೆ, ಅದನ್ನು ಅವಳಿಗೂ ಹೇಳಿದ್ದೇನೆ. ಭಾನುವಾರ ಅವಳ ವೇಗಕ್ಕೆ ನಾನು ಹೋಗುತ್ತೇನೆ. ಅವಳು ಮೊದಲು ನಿಂತದ್ದು ಮ್ಯಾಜಿಕ್ ಕಾರ್ಪೆಟ್ ಪಕ್ಕದ ಇಳಿಜಾರಿನಲ್ಲಿ. ನೆಲದ ಮೇಲೆ ನಿಧಾನಕ್ಕೆ ಚಲಿಸುವ ಪಟ್ಟಿ ಅದು, ಮೇಲೆ ನಿಂತರೆ ತಾನೇ ಮೇಲಕ್ಕೆ ಒಯ್ಯುತ್ತದೆ. ಈಗ ಚೇರ್‌ಲಿಫ್ಟ್‌ನಲ್ಲಿ, ತಂತಿಗೆ ತೂಗುಬಿದ್ದು ಮೇಲಕ್ಕೆ ಹೋಗುವ ಕುರ್ಚಿಯಲ್ಲಿ, ನನ್ನ ಪಕ್ಕ ಕೂರುತ್ತಾಳೆ.

ಚೇರ್‌ಲಿಫ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸಣ್ಣ ಗುಡ್ಡದಲ್ಲಿ ಅದು ಕೆಲವೇ ನಿಮಿಷದ ಪಯಣ. ಇಬ್ಬರೂ ಮುಂದೆ ನೋಡುತ್ತಾ ಕೂತಿರುತ್ತೇವೆ, ಮುಖ ಮುಚ್ಚಿರುತ್ತದೆ, ಕೈಗೆ ಗ್ಲೋವ್ಸ್ ಇರುವುದರಿಂದ ಫೋನ್ ತೆಗೆಯುವ ಹಾಗಿಲ್ಲ. ಊಟದ ಟೇಬಲ್ ಮೇಲೆ "ಸ್ಕೂಲ್ ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅನ್ನುವವಳು, ಲಿಫ್ಟ್‌ನಲ್ಲಿ ನಾನು ಕೇಳದೆ ಇದ್ದಾಗ ಮಾತು ತೆಗೆಯುತ್ತಾಳೆ. "ಅಮ್ಮ, ಅವಳು ಈಗ ನನ್ನ ಜೊತೆ ಊಟಕ್ಕೆ ಕೂರಲ್ಲ" ಅಂದಳು ಒಂದು ಸಲ, ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿಯ ಬಗ್ಗೆ. ನಾನು ಏನು ಹೇಳಬೇಕು ಅಂತ ಯೋಚಿಸುವುದರೊಳಗೆ ಇಳಿಯುವ ಜಾಗ ಬಂತು. ಇಬ್ಬರೂ ಎದ್ದು ಜಾರಿದೆವು. ಮತ್ತೆ ಮೇಲೆ ಹೋಗುವಾಗ ಅವಳೇ ಮುಂದುವರಿಸಿದಳು. ಸಣ್ಣ ಗುಡ್ಡದಲ್ಲಿ ಇದೊಂದು ಅನುಕೂಲ. ಇಳಿಯುವುದು ಒಂದೇ ನಿಮಿಷ, ಮತ್ತೆ ಲಿಫ್ಟ್. ಮಾತು ತುಂಡು ತುಂಡಾಗಿ ಬರುತ್ತದೆ, ಪ್ರತಿ ತುಂಡಿನ ನಡುವೆ ಅವಳಿಗೂ ನನಗೂ ಯೋಚಿಸಲು ಒಂದು ಇಳಿಜಾರು ಸಿಗುತ್ತದೆ.

ಸಣ್ಣ ಗುಡ್ಡ ಅಂತ ಅಸಡ್ಡೆ ಮಾಡುವವರಿಗೆ ನಾನು ಲಿಂಡ್ಸೆ ವಾನ್ ಹೆಸರು ಹೇಳುತ್ತೇನೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಸ್ಕೀಯಿಂಗ್ ಚಿನ್ನ ಗೆದ್ದವರು. ಅವರು ಮಗುವಾಗಿ ಸ್ಕೀ ಕಲಿತದ್ದು ನಮ್ಮ ಬಕ್ ಹಿಲ್‌ನಲ್ಲಿ. ಆ ಗುಡ್ಡ ಶುರುವಾದದ್ದು 1954ರಲ್ಲಿ. ಅಲ್ಲಿ ಆಸ್ಟ್ರಿಯಾದಿಂದ ಬಂದ ಎರಿಕ್ ಸೈಲರ್ ದಶಕಗಳ ಕಾಲ ಮಕ್ಕಳಿಗೆ ರೇಸ್ ಕಲಿಸಿದರು. ಗುಡ್ಡ ಚಿಕ್ಕದು, ಹಗ್ಗ ಹಿಡಿದರೆ ಬೇಗ ಮೇಲೆ ಎಳೆದೊಯ್ಯುವ ರೋಪ್ ಟೋ ಇದೆ, ದೀಪ ಇದೆ. ಹಾಗಾಗಿ ಸ್ಕೂಲು ಮುಗಿಸಿ ಬಂದ ಮಕ್ಕಳು ಒಂದೇ ಸಂಜೆಯಲ್ಲಿ ಅದೇ ತಿರುವುಗಳನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ದೊಡ್ಡ ಬೆಟ್ಟದಲ್ಲಿ ಅಷ್ಟೇ ಹೊತ್ತಿನಲ್ಲಿ ಲಿಫ್ಟ್ ಮೇಲೆ ಕೂತು ಹೋಗುವುದೇ ಆಗುತ್ತದೆ. ನನ್ನ ಟೋ ಎಡ್ಜ್ ತಿರುವು ಸರಿಯಾದದ್ದೂ ಹೀಗೇ. ಒಂದೇ ಇಳಿಜಾರು, ಒಂದೇ ಜಾಗ, ವಾರ ವಾರವೂ ಅದೇ ತಿರುವು.

ಹೈಲ್ಯಾಂಡ್ ಹಿಲ್ಸ್ ಬಗ್ಗೆ ನನಗೆ ಇನ್ನೊಂದು ಅಭಿಮಾನ. ಅದನ್ನು ನಡೆಸುವುದು ಥ್ರೀ ರಿವರ್ಸ್ ಪಾರ್ಕ್ ಡಿಸ್ಟ್ರಿಕ್ಟ್, ಅಂದರೆ ಸಾರ್ವಜನಿಕ ಸಂಸ್ಥೆ. ಊರಿನ ಲೈಬ್ರರಿ, ಈಜುಕೊಳ ಇದ್ದ ಹಾಗೆ ಊರಿಗೊಂದು ಹಿಮಗುಡ್ಡ ಇರಲಿ ಅಂತ ಯೋಚಿಸುವ ಜನರನ್ನು ಕಂಡರೆ ನನಗೆ ಗೌರವ. ಇಂಥ ಜಾಗಗಳು ಉಳಿಯಬೇಕು.

ಉಳಿಯುತ್ತವಾ ಅನ್ನುವ ಚಿಂತೆಯೂ ಇದೆ. 2023-24ರ ಚಳಿಗಾಲ ಮಿನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಕ್ರಿಸ್‌ಮಸ್ ದಿನ ಹಿಮದ ಬದಲು ಮಳೆ ಬಂತು. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಪ್ರತಿ ವರ್ಷ ನಡೆಯುವ ಬರ್ಕಬೈನರ್ ಸ್ಕೀ ಓಟವನ್ನು ಯಂತ್ರದ ಹಿಮ ಹಾಸಿದ 10 ಕಿಲೋಮೀಟರ್ ಸುತ್ತಿನಲ್ಲಿ ನಡೆಸಬೇಕಾಯಿತು. ಆ ಫೆಬ್ರವರಿಯಲ್ಲಿ ಮಿನಿಯಾಪೊಲಿಸ್‌ನ ಥಿಯೊಡೋರ್ ವರ್ತ್ ಪಾರ್ಕಿನಲ್ಲಿ ಸ್ಕೀ ವಿಶ್ವಕಪ್ ಇತ್ತು. ಅದಕ್ಕೆ ಕೆಲವೇ ದಿನ ಮೊದಲು ಹಿಮ ಬಿದ್ದಾಗ ಇಡೀ ಊರೇ ನೆಮ್ಮದಿಯ ಉಸಿರು ಬಿಟ್ಟಿತು.

ಆ ವರ್ಷ ನಮ್ಮ ಗುಡ್ಡಗಳು ಉಸಿರಾಡಿದ್ದು ಹಿಮ ಮಾಡುವ ಯಂತ್ರಗಳಿಂದ. ನೀರನ್ನೂ ಗಾಳಿಯನ್ನೂ ಒತ್ತಡದಲ್ಲಿ ಚಿಮ್ಮಿಸುತ್ತಾರೆ. ಸಣ್ಣ ಹನಿಗಳು ನೆಲಕ್ಕೆ ಬೀಳುವುದರೊಳಗೆ ಗಟ್ಟಿಯಾಗಬೇಕು. ಇದಕ್ಕೆ ಬರೀ ಚಳಿ ಸಾಲದು, ಗಾಳಿ ಒಣಗಿಯೂ ಇರಬೇಕು. ಮಣ್ಣಿನ ಮಡಕೆಯ ನೀರು ತಂಪಾಗುವ ಹಾಗೆ, ಹನಿಯ ಸ್ವಲ್ಪ ಭಾಗ ಆವಿಯಾದಾಗ ಉಳಿದದ್ದು ಇನ್ನಷ್ಟು ತಣ್ಣಗಾಗುತ್ತದೆ. ತೇವ ಮತ್ತು ಚಳಿ ಎರಡನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಉಷ್ಣತೆ ಸುಮಾರು ಮೈನಸ್ 2 ಡಿಗ್ರಿಗೆ ಇಳಿದರೆ ಯಂತ್ರ ಶುರು ಮಾಡಬಹುದು. ಆ ಡಿಸೆಂಬರ್‌ನಲ್ಲಿ ಅಷ್ಟು ಚಳಿಯ ರಾತ್ರಿಗಳೇ ಅಪರೂಪವಾಗಿದ್ದವು. ಸುತ್ತ ಕಂದು ಹುಲ್ಲು, ಗುಡ್ಡದ ಮೇಲೆ ಒಂದು ಬಿಳಿ ಪಟ್ಟಿ. ರಾತ್ರಿಯಿಡೀ ನಿಂತು ಪೈಪು, ಯಂತ್ರ ನೋಡಿಕೊಂಡವರಿಂದಲೇ ಆ ಪಟ್ಟಿ ಉಳಿಯಿತು. ಅವತ್ತಿನಿಂದ ಲಿಫ್ಟ್ ಹತ್ತಿರ ಅವರಲ್ಲಿ ಯಾರು ಸಿಕ್ಕರೂ ನಿಂತು ಥ್ಯಾಂಕ್ಸ್ ಹೇಳುತ್ತೇನೆ.

ಇಲ್ಲಿಯೇ ಇರುವ ಕೆಲವು ಕನ್ನಡದ ಅಮ್ಮಂದಿರು ಶುರು ಮಾಡುವುದು ಹೇಗೆ ಅಂತ ಕೇಳಿದ್ದಾರೆ. ಬನ್ನಿ, ದಯವಿಟ್ಟು ಬನ್ನಿ. ಮೊದಲ ದಿನವೇ ಪಾಠ ತೆಗೆದುಕೊಳ್ಳಿ. ಗಂಡನಿಂದಲೋ ಗೆಳತಿಯಿಂದಲೋ ಕಲಿಯುತ್ತೇನೆ ಅನ್ನಬೇಡಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಬೇಕೇ ಬೇಕು. ಜೀನ್ಸ್, ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಬೋರ್ಡನ್ನು ಮೊದಲು ಬಾಡಿಗೆಗೆ ತೆಗೆದುಕೊಳ್ಳಿ. ಚಳಿಗಾಲ ಶುರುವಾಗುವ ಮುಂಚೆ ಹಳೇ ಸಾಮಾನು ಮಾರುವ ಮೇಳಗಳು ನಡೆಯುತ್ತವೆ, ಅಲ್ಲಿ ಒಳ್ಳೆಯ ಬೋರ್ಡು ಕಡಿಮೆಗೆ ಸಿಗುತ್ತದೆ. ಮಕ್ಕಳಿಗೆ ಕೊಳ್ಳಲೇಬೇಡಿ, ಪ್ರತಿ ವರ್ಷ ಕಾಲು ಬೆಳೆಯುತ್ತದಲ್ಲ, ಅಂಗಡಿಗಳಲ್ಲಿ ಇಡೀ ಸೀಸನ್‌ಗೆ ಬಾಡಿಗೆಗೆ ಕೊಡುತ್ತಾರೆ. ಶನಿವಾರ ಮಧ್ಯಾಹ್ನ ಬೇಡ, ವಾರದ ನಡುವಿನ ಸಂಜೆ ಬನ್ನಿ. ಹೊರಡುವ ಮುಂಚೆ ಕ್ಯಾಲೆಂಡರಿನ ಮೇಲೆ ಬರೆಯುವುದನ್ನು ಮರೆಯಬೇಡಿ.

ನಮ್ಮ ಚಿಕ್ಕವನಿಗೆ ಬೋರ್ಡು ಬೇಡವಂತೆ. ಎರಡು ಕಾಲು ಒಟ್ಟಿಗೆ ಕಟ್ಟುವುದು ಅವನಿಗೆ ಇಷ್ಟವಿಲ್ಲ. ಸ್ಕೀ ಬೇಕಂತೆ, ಅದೂ ಹಸಿರು ಬಣ್ಣದ್ದೇ ಆಗಬೇಕಂತೆ. ಬರುವ ಶನಿವಾರ ಅವನ ಕಾಲಿನ ಅಳತೆ ಕೊಟ್ಟು ಬರಬೇಕು.